ಜೀಪು ಕಲಿಸಿದ ಪಾಠ

ನಮ್ಮ ಮನೆಯ ದೇವರ ಕೋಣೆಯ ಹೊರಗೋಡೆಯ ಗೂಡಿನಲ್ಲಿ ಒಂದು ಉಕ್ಕಿನ ಕಡ್ಡಿ ಇದೆ. ಒಂದು ಮೊಳಕ್ಕಿಂತ ತುಸು ಉದ್ದ. ಒಂದು ತುದಿಯಲ್ಲಿ ಬೆರಳು ಸಿಕ್ಕಿಸುವ ಉಂಗುರ, ಇನ್ನೊಂದು ತುದಿಯಲ್ಲಿ ಅಡ್ಡವಾಗಿ ಕೊರೆದ ಎರಡು ಗೆರೆಗಳು. ಬಂದ ಬಂಧುಗಳು ವಿಭೂತಿಯ ತಟ್ಟೆಗೆ ಕೈ ನೀಡುವಾಗ ಅದನ್ನು ಕಂಡು, "ಇದೇನು?" ಎಂದು ಕೇಳುವುದುಂಟು. "ಜೀಪಿನ ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿ" ಎಂದರೆ ನಗುತ್ತಾರೆ. ಗುಜರಿಗೆ ಹೋದ ಜೀಪಿನ ಕಡ್ಡಿಯನ್ನು ದೇವರ ಕೋಣೆಯ ಬಳಿ ಇಡುವವರುಂಟೇ ಎಂಬುದು ಅವರ ಸಂದೇಹ. ಆ ಕಡ್ಡಿಯ ಕಥೆಯನ್ನು ಪೂರ್ತಿಯಾಗಿ ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತದೆ ಎಂಬುದೇ ಅದಕ್ಕೆ ಕಾರಣ. ಈಗ ವಯಸ್ಸು ಎಪ್ಪತ್ತು ದಾಟಿದೆ. ಹೇಳಿಬಿಡುವುದೇ ಲೇಸೆಂದು ತೋರುತ್ತಿದೆ.

ನಮ್ಮದು ಚಿಕ್ಕಮಗಳೂರು ಸೀಮೆಯ ಒಂದು ಸಣ್ಣ ಕಾಫಿ ತೋಟ. ಮುಳ್ಳಯ್ಯನಗಿರಿಯ ಸಾಲು ನಮ್ಮ ಅಂಗಳದಿಂದಲೇ ಕಾಣುತ್ತದೆ. ೧,೯೩೦ ಮೀಟರ್ ಎತ್ತರದ ಆ ಗಿರಿ ಕರ್ನಾಟಕದಲ್ಲಿಯೇ ಅತಿ ಎತ್ತರದ ಶಿಖರವೆಂಬುದು ತಮಗೆಲ್ಲ ತಿಳಿದೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ತೋಟದ ದಾರಿಗಳು ದಾರಿಗಳಾಗಿ ಉಳಿಯುವುದಿಲ್ಲ, ಕೆಸರಿನ ಕಾಲುವೆಗಳಾಗುತ್ತವೆ. ಅಂತಹ ನೆಲದಲ್ಲಿ ಎತ್ತಿನ ಗಾಡಿಯ ಅನಂತರ ಬಂದ ನಂಬುಗೆಯ ವಾಹನವೆಂದರೆ ಜೀಪು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಸೈನ್ಯಕ್ಕಾಗಿ ತಯಾರಿಸಿದವು. ಯುದ್ಧ ಮುಗಿದ ಮೇಲೆ ಅದೇ ವಾಹನ ರೈತನ ಮನೆಗೆ ಬಂತು. ನಮ್ಮ ದೇಶದಲ್ಲಿಯೂ ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅದನ್ನು ಜೋಡಿಸತೊಡಗಿದರು. ಯುದ್ಧಕ್ಕೆಂದು ಹುಟ್ಟಿದ ಗಾಡಿ ಗೊಬ್ಬರ ಹೊತ್ತು, ಕಾಫಿಯ ಚೀಲ ಹೊತ್ತು, ಬಸುರಿ ಬಾಣಂತಿಯರನ್ನು ಆಸ್ಪತ್ರೆಗೆ ಹೊತ್ತು ಸಾರ್ಥಕವಾಯಿತು. ಜಾತ್ರೆಯ ದಾಸೋಹಕ್ಕೆ ಅಕ್ಕಿ, ಬೇಳೆ, ಸೌದೆಗಳನ್ನು ಮುಟ್ಟಿಸುವ ಸೇವೆಯೂ ಅದರ ಪಾಲಿಗೆ ಸೇರಿತು.

ನಮ್ಮ ಮನೆಗೆ ಡೀಸೆಲ್ ಜೀಪು ಬಂದದ್ದು ೧೯೮೪ರಲ್ಲಿ. ಅದರ ಜೊತೆಯಲ್ಲಿಯೇ ಚಾಲಕರೊಬ್ಬರು ಬಂದರು. ನನಗಿಂತ ಹತ್ತು ವರ್ಷ ಹಿರಿಯರು. ಮನೆಯವರೆಲ್ಲ ಅವರನ್ನು "ಅಣ್ಣ" ಎಂದೇ ಕರೆಯುತ್ತಿದ್ದೆವು. ಇಲ್ಲಿಯೂ ಹಾಗೆಯೇ ಕರೆಯುವೆ. ಅವರು ಶಾಲೆಯಲ್ಲಿ ಕಲಿತದ್ದು ನಾಲ್ಕು ತರಗತಿ. ಆದರೆ ಎಂಜಿನ್ನಿನ ಮಾತು ಅವರಿಗೆ ತಿಳಿಯುತ್ತಿತ್ತು. ಮುಂಜಾನೆ ನಾನು ಸ್ನಾನ ಮಾಡಿ ಇಷ್ಟಲಿಂಗಪೂಜೆಗೆ ಕುಳಿತಿರುವ ಹೊತ್ತಿಗೆ ಅವರು ಕೊಟ್ಟಿಗೆಯಲ್ಲಿ ಜೀಪಿನ ಬಾನೆಟ್ ಎತ್ತಿರುತ್ತಿದ್ದರು. ಕಡ್ಡಿಯನ್ನು ಹೊರಗೆಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಇಳಿಬಿಟ್ಟು, ಮತ್ತೆ ತೆಗೆದು ಎಣ್ಣೆಯ ಮಟ್ಟ ನೋಡುವರು. ಎಣ್ಣೆಯ ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ ಮೂಸುವರು. ರೇಡಿಯೇಟರಿನ ನೀರು, ಫ್ಯಾನಿನ ಬೆಲ್ಟು, ಗಾಲಿಯ ಗಾಳಿ ಇಷ್ಟನ್ನೂ ನೋಡಿಯೇ ಚಾವಿ ತಿರುಗಿಸುವರು. "ಇದು ನನ್ನ ಪೂಜೆ, ಯಜಮಾನರೇ" ಎಂದು ಒಮ್ಮೆ ಹೇಳಿದ್ದರು. ನಾನದನ್ನು ವಿನೋದವೆಂದು ತಿಳಿದೆ.

ಅವರು ಹೇಳಿಕೊಟ್ಟ ಸಂಗತಿಗಳನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ. ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಇಂದಿಗೂ ಹಳೆಯ ಜೀಪು, ಟ್ರ್ಯಾಕ್ಟರುಗಳಿವೆ, ಯಾರಿಗಾದರೂ ಉಪಯೋಗವಾದೀತು.

ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿದಾಗ ಅದು ತಾನಾಗಿಯೇ ಕೆಂಡದಂತೆ ಕಾಯುತ್ತದೆ. ಆ ಕಾವಿನೊಳಗೆ ಸಿಂಪಡಿಸಿದ ಡೀಸೆಲ್ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಈ ಎಂಜಿನ್ನಿಗೆ ಬೇಕಾದದ್ದು ಎರಡೇ: ಶುದ್ಧವಾದ ಗಾಳಿ, ಶುದ್ಧವಾದ ಡೀಸೆಲ್. "ಉಣ್ಣುವ ಅನ್ನ, ಆಡುವ ಉಸಿರು. ಕಾಯಿಲೆ ಬಂದರೆ ಮೊದಲು ಈ ಎರಡನ್ನು ವಿಚಾರಿಸಿ" ಎನ್ನುತ್ತಿದ್ದರು ಅಣ್ಣ. ಮುಂಜಾನೆ ಎಂಜಿನ್ ತಿರುಗಿದರೂ ಹೊತ್ತಿಕೊಳ್ಳದಿದ್ದರೆ ಬಹುಪಾಲು ಡೀಸೆಲ್ ಬರುವ ಕೊಳವೆಯಲ್ಲಿ ಗಾಳಿ ಸೇರಿರುತ್ತದೆ. ಫಿಲ್ಟರಿನ ಮೇಲಿರುವ ಸ್ಕ್ರೂವನ್ನು ಸಡಿಲಿಸಿ, ಪಂಪಿನ ಕೈಸನ್ನೆಯನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಮೊದಲು ನೊರೆ ನೊರೆಯಾಗಿ ಬರುತ್ತದೆ. ಗುಳ್ಳೆಯಿಲ್ಲದ ಡೀಸೆಲ್ ಹರಿಯತೊಡಗಿದಾಗ ಸ್ಕ್ರೂವನ್ನು ಬಿಗಿಯಬೇಕು. ಇಷ್ಟಕ್ಕೆ ಮೆಕ್ಯಾನಿಕ್ಕನನ್ನು ಕರೆಯುವ ಅಗತ್ಯವಿಲ್ಲ.

ಎಂಜಿನ್ನಿನ ಕಾಯಿಲೆಯನ್ನು ಅವರು ಹೊಗೆಯ ಬಣ್ಣದಿಂದ ಗುರುತಿಸುತ್ತಿದ್ದರು. ಕಪ್ಪು ಹೊಗೆ ಬಂದರೆ ಉಸಿರಿಗಿಂತ ಅನ್ನ ಹೆಚ್ಚಾಯಿತೆಂದು ಅರ್ಥ. ಗಾಳಿಯ ಫಿಲ್ಟರ್ ಧೂಳಿನಿಂದ ಕಟ್ಟಿರಬಹುದು. ನೀಲಿ ಹೊಗೆ ಬಂದರೆ ಎಂಜಿನ್ ತನ್ನ ಎಣ್ಣೆಯನ್ನು ತಾನೇ ಸುಡುತ್ತಿದೆ. ಬಿಳಿಯ ಹೊಗೆ ಚಳಿಗಾಲದ ಮುಂಜಾನೆ ಸ್ವಲ್ಪ ಹೊತ್ತು ಬಂದರೆ ಚಿಂತೆಯಿಲ್ಲ. ಎಂಜಿನ್ ಕಾದ ಮೇಲೂ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ನೀರು ಒಳಗೆ ಇಳಿಯುತ್ತಿದೆ. ಎಂಜಿನ್ ಅತಿಯಾಗಿ ಕಾದರೆ ರೇಡಿಯೇಟರಿನ ಮುಚ್ಚಳವನ್ನು ಬಿಸಿಯಲ್ಲಿ ತೆರೆಯಲೇಬಾರದು, ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯಬಾರದು. ಮೊದಲು ರೇಡಿಯೇಟರಿನ ಜಾಲರಿಯಲ್ಲಿ ಹುಲ್ಲು, ಕೆಸರು ಮೆತ್ತಿದೆಯೇ, ಬೆಲ್ಟು ಸಡಿಲಾಗಿದೆಯೇ ಎಂದು ನೋಡಬೇಕು. ಹಳ್ಳ ದಾಟಿ ಬಂದ ಮೇಲೆ ಬ್ರೇಕನ್ನು ಹಗುರವಾಗಿ ಒತ್ತುತ್ತಾ ಸ್ವಲ್ಪ ದೂರ ಸಾಗಿ ಅದನ್ನು ಒಣಗಿಸಿಕೊಳ್ಳಬೇಕು. ಅಚ್ಚಿನ ಎಣ್ಣೆ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ತಿಳಿದು ಬದಲಾಯಿಸಬೇಕು. ಕೆಸರಿಗೆ ಇಳಿಯುವ ಮುನ್ನವೇ ನಾಲ್ಕೂ ಗಾಲಿಗೆ ಶಕ್ತಿ ಕೊಡುವ ಸನ್ನೆಯನ್ನು ಹಾಕಬೇಕೇ ಹೊರತು ಹೂತುಹೋದ ಮೇಲಲ್ಲ. ಗಟ್ಟಿಯಾದ ಟಾರು ರಸ್ತೆಗೆ ಬಂದೊಡನೆ ಅದನ್ನು ಮರೆಯದೆ ತೆಗೆಯಬೇಕು. ಇಲ್ಲವಾದರೆ ಹಿಂದಿನ ಮುಂದಿನ ಅಚ್ಚುಗಳು ಒಂದನ್ನೊಂದು ಎಳೆದಾಡಿ ಸನ್ನೆ ಬಿಗಿದುಕೊಳ್ಳುತ್ತದೆ. ಆಗ ಬಲಪ್ರಯೋಗ ಮಾಡಬಾರದು. ಹತ್ತು ಗಜ ಹಿಂದಕ್ಕೆ ಚಲಿಸಿದರೆ ತಾನಾಗಿ ಬಿಡುತ್ತದೆ. "ಬಿಗಿದದ್ದು ಜಗ್ಗಿದರೆ ಮುರಿಯುತ್ತದೆ, ಹಿಂದೆ ಸರಿದರೆ ಬಿಡುತ್ತದೆ" ಎಂಬ ಅವರ ಮಾತು ಸಂಸಾರಕ್ಕೂ ಸಲ್ಲುವಂಥದು.

ಇನ್ನು ನನ್ನ ತಪ್ಪಿನ ವಿಷಯ.

ನಾನು ಲೆಕ್ಕದ ಮನುಷ್ಯ. ಜೀಪು ಎಷ್ಟು ಕಿಲೋಮೀಟರ್ ಓಡಿತು, ಎಷ್ಟು ಡೀಸೆಲ್ ಕುಡಿಯಿತು ಎಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಲೀಟರಿಗೆ ೧೧ ಕಿಲೋಮೀಟರ್ ಕೊಡುತ್ತಿದ್ದ ಜೀಪು ೧೯೯೬ರ ಮಳೆಗಾಲದ ಆರಂಭದಿಂದ ಒಂಬತ್ತೂವರೆಗೆ ಇಳಿಯಿತು. ತಿಂಗಳಿಗೆ ಸುಮಾರು ೯೦೦ ಕಿಲೋಮೀಟರ್ ಓಡುವ ಗಾಡಿಗೆ ಹನ್ನೆರಡು ಹದಿಮೂರು ಲೀಟರಿನ ವ್ಯತ್ಯಾಸ. ಮಳೆಗಾಲದ ಕೆಸರಿನಲ್ಲಿ ಸ್ವಲ್ಪ ಹೆಚ್ಚು ಖರ್ಚಾಗುವುದು ಸಹಜ. ಆದರೆ ಹಿಂದಿನ ಮಳೆಗಾಲಗಳಲ್ಲಿ ಇಷ್ಟು ಇಳಿದಿರಲಿಲ್ಲ. ಆ ಹೊತ್ತಿಗೆ ಅಣ್ಣನ ಮಗಳ ಮದುವೆ ನಿಶ್ಚಯವಾಗಿತ್ತು. ಹಣದ ಅಡಚಣೆ ಇದ್ದುದು ನನಗೆ ಗೊತ್ತಿತ್ತು. ಸಂಶಯವೆಂಬುದು ಒಂದು ಕಾರಣ ಸಿಕ್ಕರೆ ಸಾಕು, ಉಳಿದದ್ದನ್ನು ತಾನೇ ಕಟ್ಟಿಕೊಳ್ಳುತ್ತದೆ. ನಾನು ಆ ಎರಡು ಲೆಕ್ಕಗಳನ್ನೂ ಮನಸ್ಸಿನಲ್ಲಿ ಕೂಡಿಸಿದೆ.

ಆಷಾಢದಲ್ಲಿ ಎರಡು ಬಾರಿ ಅಣ್ಣ ನನ್ನ ಬಳಿ ಬಂದು, "ಡೀಸೆಲ್ ಪಂಪಿನ ಹತ್ತಿರ ಒದ್ದೆಯಾಗಿದೆ, ಯಜಮಾನರೇ. ನಟ್ಟು ಬಿಗಿದು ನೋಡಿದೆ, ನಿಲ್ಲಲಿಲ್ಲ. ಒಳಗಿನ ಪರದೆ ಬದಲಾಯಿಸಬೇಕೆಂದು ತೋರುತ್ತದೆ" ಎಂದಿದ್ದರು. ಮಳೆಯಲ್ಲಿ ಒದ್ದೆಯಾಗದ ವಸ್ತು ಯಾವುದಿದೆ ಎಂದು ನಾನು ನಕ್ಕು, ಕಾಫಿ ಮಾರಿದ ಮೇಲೆ ನೋಡೋಣವೆಂದೆ. ಅನಂತರ ಸಂಶಯ ಬೆಳೆದಂತೆ, ಆ ಮಾತೂ ಕಳವನ್ನು ಮುಚ್ಚುವ ಉಪಾಯದಂತೆಯೇ ನನಗೆ ಕಂಡಿತು.

ಶ್ರಾವಣದ ಒಂದು ಸಂಜೆ ಕೂಲಿ ಬಟವಾಡೆಯ ಹೊತ್ತಿನಲ್ಲಿ, ಕಾಫಿ ಒಣಗಿಸುವ ಕಣದಲ್ಲಿ, ಮೂವತ್ತು ಜನ ಆಳುಗಳ ಎದುರಿನಲ್ಲಿ ಲೆಕ್ಕದ ಪುಸ್ತಕ ತೆರೆದು ಅಣ್ಣನನ್ನು ಕೇಳಿದೆ: "ಈ ಮೂರು ತಿಂಗಳ ಡೀಸೆಲ್ ಎಲ್ಲಿ ಹೋಯಿತು?" ಕೇಳಿದ ರೀತಿಯಲ್ಲಿಯೇ ಉತ್ತರವೂ ಇತ್ತು. ಅವರು ನನ್ನ ಮುಖವನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿದರು. ವಾದ ಮಾಡಲಿಲ್ಲ. ಜೀಪಿನ ಚಾವಿಯನ್ನೂ ಆ ಒರೆಸುವ ಬಟ್ಟೆಯನ್ನೂ ಕಟ್ಟೆಯ ಮೇಲೆ ಇಟ್ಟು, "ತಾವೇ ಒಂದು ಸಲ ಬಗ್ಗಿ ನೋಡಿ, ಯಜಮಾನರೇ" ಎಂದಷ್ಟೇ ಹೇಳಿ ಹೊರಟುಹೋದರು. ಹನ್ನೆರಡು ವರ್ಷದ ಋಣ ಅಷ್ಟು ಹೊತ್ತಿನಲ್ಲಿ ಹರಿಯಿತು. ಒಳಗೆ ಮಾತು ಕೇಳಿಸಿಕೊಂಡ ನನ್ನ ತಾಯಿಯವರು ಅಂದು ರಾತ್ರಿ ಪ್ರಸಾದ ಸ್ವೀಕರಿಸಲಿಲ್ಲ. ನಾನು ಬಗ್ಗಿ ನೋಡಲೂ ಇಲ್ಲ.

ಆಮೇಲೆ ಜೀಪನ್ನು ನಾನೇ ನಡೆಸತೊಡಗಿದೆ. ವಿಚಿತ್ರವೆಂದರೆ ಅಂದಿನಿಂದ ಡೀಸೆಲ್ ಲೆಕ್ಕ ಬರೆಯುವುದನ್ನೂ ಬಿಟ್ಟೆ. ಕಳ್ಳನೇ ಹೋದ ಮೇಲೆ ಕಾವಲೇಕೆ ಎಂಬ ಧೋರಣೆ. ಮುಂಜಾನೆಯ ತಪಾಸಣೆಯನ್ನು ತೋಟದ ಹುಡುಗನೊಬ್ಬನಿಗೆ ವಹಿಸಿದೆ. ನವೆಂಬರಿನಲ್ಲಿ ಅವನೊಮ್ಮೆ ಬಂದು, "ಎಣ್ಣೆ ಮೇಲಿನ ಗೆರೆಗಿಂತ ಮೇಲಿದೆ" ಎಂದ. ಹಳೆಯ ಎಂಜಿನ್ ಎಣ್ಣೆ ಕುಡಿಯುವುದನ್ನು ಎಲ್ಲರೂ ಕಂಡಿದ್ದಾರೆ. ಎಣ್ಣೆ ಹೆಚ್ಚಾಗುವುದನ್ನು ಕಂಡವರುಂಟೇ? ಕಡಿಮೆಯಾಗಿಲ್ಲವಲ್ಲ ಎಂದು ನಾನು ಸಂತೋಷಪಟ್ಟೆ! ಹಾಕದ ಎಣ್ಣೆ ಎಲ್ಲಿಂದ ಬಂತು ಎಂದು ಕೇಳುವ ಬುದ್ಧಿ ಆ ಲೆಕ್ಕದ ಮನುಷ್ಯನಿಗೆ ಹುಟ್ಟಲಿಲ್ಲ.

ಆ ವರ್ಷದ ಕಾರ್ತಿಕ ಸೋಮವಾರ ತಾಯಿಯವರನ್ನೂ ಹದಿನಾಲ್ಕು ವರ್ಷದ ಮಗಳನ್ನೂ ಕರೆದುಕೊಂಡು ಸೀತಾಳಯ್ಯನಗಿರಿಯ ಶೀತಳ ಮಲ್ಲಿಕಾರ್ಜುನನ ದರ್ಶನಕ್ಕೆ ಹೊರಟೆ. ಬೆಟ್ಟದ ದಾರಿ, ಒಂದು ಕಡೆ ಗೋಡೆಯಂತಹ ದರೆ, ಇನ್ನೊಂದು ಕಡೆ ಮಂಜು ತುಂಬಿದ ಕಣಿವೆ. ಕಡಿದಾದ ಏರಿನಲ್ಲಿ ಗೇರ್ ಬದಲಾಯಿಸಲು ಕ್ಲಚ್ ತುಳಿದೆ. ನಾನು ವೇಗದ ಪೆಡಲಿನಿಂದ ಕಾಲು ತೆಗೆದಿದ್ದರೂ ಎಂಜಿನ್ ತಾನಾಗಿಯೇ ಅಬ್ಬರಿಸತೊಡಗಿತು. ಕ್ಷಣಕ್ಷಣಕ್ಕೂ ಆ ಸದ್ದು ಏರುತ್ತಾ ಹೋಯಿತು. ಬ್ರೇಕ್ ತುಳಿದು ಗಾಡಿಯನ್ನು ನಿಲ್ಲಿಸಿದೆ. ಎಂಜಿನ್ ನಿಲ್ಲಿಸುವ ಗುಬ್ಬಿಯನ್ನು ಎಳೆದೆ, ನಿಲ್ಲಲಿಲ್ಲ. ಚಾವಿ ತಿರುಗಿಸಿದೆ, ಪ್ರಯೋಜನವಾಗಲಿಲ್ಲ. ನೀಲಿ ಬಿಳಿ ಹೊಗೆ ಹಿಂದಿನಿಂದ ಎದ್ದು ಇಡೀ ಗಾಡಿಯನ್ನು ಮುಚ್ಚಿತು. ಎಂಜಿನ್ ಸಿಡಿಯುವುದೋ, ಗಾಡಿ ಕಣಿವೆಗೆ ಜಾರುವುದೋ ತಿಳಿಯದೆ ನನ್ನ ಕೈಕಾಲು ಮರಗಟ್ಟಿದವು. ತಾಯಿಯವರು ಎದೆಯ ಮೇಲಿನ ಕರಡಿಗೆಯನ್ನು ಎರಡು ಕೈಯಿಂದ ಹಿಡಿದು ಕಣ್ಣು ಮುಚ್ಚಿದ್ದರು.

ಆಗ ಹಿಂದಿನಿಂದ ಮಗಳು ಕೂಗಿದಳು: "ಅಪ್ಪಾ, ಟಾಪ್ ಗೇರ್ ಹಾಕಿ! ಬ್ರೇಕ್ ಬಿಡಬೇಡಿ, ಕ್ಲಚ್ ಬಿಟ್ಟುಬಿಡಿ! ಅಣ್ಣ ಹೇಳಿದ್ದರು!" ಅವಳ ಮಾತಿನಂತೆ ಗೇರನ್ನು ಅತಿ ಮೇಲಕ್ಕೆ ತಳ್ಳಿ, ಬ್ರೇಕನ್ನು ಇದ್ದ ಬಲವನ್ನೆಲ್ಲ ಬಿಟ್ಟು ತುಳಿದು, ಕೈಬ್ರೇಕನ್ನೂ ಎಳೆದು, ಕ್ಲಚ್ಚನ್ನು ಒಮ್ಮೆಗೇ ಬಿಟ್ಟೆ. ಗಾಡಿ ಒಂದು ಗಜ ಮುಂದಕ್ಕೆ ಜಿಗಿದು, ನಡುಗಿ, ಸ್ತಬ್ಧವಾಯಿತು. ಆ ಮೌನ ಇಂದಿಗೂ ನನ್ನ ಕಿವಿಯಲ್ಲಿದೆ. ಮಗಳು ಇಳಿದು ಗಾಲಿಗಳಿಗೆ ಕಲ್ಲು ಕೊಟ್ಟಳು. ಶಾಲೆಗೆ ಬಿಡಲು ಹೋಗುವಾಗ ಅಣ್ಣ ದಾರಿಯುದ್ದಕ್ಕೂ ಅವಳಿಗೆ ಇಂತಹ ಕಥೆಗಳನ್ನು ಹೇಳುತ್ತಿದ್ದರಂತೆ. "ಹುಚ್ಚು ಹಿಡಿದ ಎಂಜಿನ್ ಚಾವಿಯ ಮಾತು ಕೇಳುವುದಿಲ್ಲ, ಅದಕ್ಕೆ ಹೊರಲಾರದ ಹೊರೆ ಹೊರಿಸಬೇಕು, ಇಲ್ಲವೇ ಗಾಳಿ ಎಳೆಯುವ ಬಾಯಿಯನ್ನು ಮುಚ್ಚಬೇಕು" ಎಂದಿದ್ದರಂತೆ. ನಾನು ಕಳ್ಳನೆಂದು ಕಳುಹಿಸಿದ ಮನುಷ್ಯ ಮೂರು ತಿಂಗಳ ಅನಂತರ, ತಾನು ಇಲ್ಲದ ಜಾಗದಲ್ಲಿ, ನನ್ನ ತಾಯಿಯನ್ನೂ ಮಗಳನ್ನೂ ಉಳಿಸಿದ್ದರು.

ಟ್ರ್ಯಾಕ್ಟರಿಗೆ ಕಟ್ಟಿ ಜೀಪನ್ನು ಪಟ್ಟಣಕ್ಕೆ ತಂದದ್ದಾಯಿತು. ಅಲ್ಲಿಯ ಹಿರಿಯ ಮೆಕ್ಯಾನಿಕ್ ಮೊದಲು ಎಳೆದದ್ದು ಈ ಕಡ್ಡಿಯನ್ನೇ. ಎಣ್ಣೆ ಮೇಲಿನ ಗೆರೆಗಿಂತ ಎರಡು ಬೆರಳು ಮೇಲಿತ್ತು; ಸೀಮೆಎಣ್ಣೆಯಂತೆ ತೆಳ್ಳಗಾಗಿತ್ತು. ಮೂಸಿ ನೋಡಿ ಅವರು ನನ್ನ ಮೂಗಿನ ಬಳಿ ಹಿಡಿದರು. ಸ್ಪಷ್ಟವಾದ ಡೀಸೆಲ್ ವಾಸನೆ. ಎಂಜಿನ್ನಿನ ಪಕ್ಕೆಯಲ್ಲಿದ್ದ ಡೀಸೆಲ್ ಪಂಪನ್ನು ಬಿಚ್ಚಿ ತೋರಿಸಿದರು. ಅದರೊಳಗೆ ರಬ್ಬರು ಬಟ್ಟೆಯ ಒಂದು ಪರದೆ ಇರುತ್ತದೆ. ನಮ್ಮ ಎದೆಯ ಕೆಳಗಿನ ವಪೆಯಂತೆ ಅದು ಮೇಲೆ ಕೆಳಗೆ ಆಡಿದಾಗ ಟ್ಯಾಂಕಿನಿಂದ ಡೀಸೆಲ್ ಎಳೆಯಲ್ಪಡುತ್ತದೆ. ಆ ಪರದೆ ಹರಿದಿತ್ತು. ಹರಿದರೆ ತಿಳಿಯಲೆಂದೇ ಪಂಪಿನ ಹೊಟ್ಟೆಯಲ್ಲಿ ಒಂದು ಸಣ್ಣ ತೂತು ಇಟ್ಟಿರುತ್ತಾರೆ. ಸೋರಿದ ಡೀಸೆಲ್ ಅದರಿಂದ ಹೊರಗೆ ತೊಟ್ಟಿಕ್ಕುತ್ತದೆ. ಆ ತೂತಿನ ಕೆಳಗೆ ಎಂಜಿನ್ನಿನ ಮೈಮೇಲೆ, ಡೀಸೆಲ್ಲಿಗೆ ಧೂಳು ಮೆತ್ತಿ ಗಟ್ಟಿಯಾದ ಕಪ್ಪು ಗೆರೆಯೊಂದು ಮೂಡಿತ್ತು. "ಇದು ಒಂದು ವಾರದ್ದಲ್ಲ ಸ್ವಾಮಿ, ಹಲವು ತಿಂಗಳ ಸೋರಿಕೆ. ಗಾಡಿ ಓಡುವಾಗ ದಾರಿಯಲ್ಲಿ ಹೋಗಿದೆ, ಮಳೆಯಲ್ಲಿ ಯಾರಿಗೂ ಕಂಡಿಲ್ಲ. ಈಚೆಗೆ ಕೆಸರು ಮೆತ್ತಿ ತೂತು ಮುಚ್ಚಿದೆ. ಹೊರಗೆ ದಾರಿಯಿಲ್ಲದ ಡೀಸೆಲ್ ಒಳಗೆ ಎಣ್ಣೆಯ ತೊಟ್ಟಿಗೆ ಇಳಿದಿದೆ" ಎಂದರು ಅವರು. ಹೀಗೆ ಹೆಚ್ಚಿದ ತೆಳು ಎಣ್ಣೆ ಒಳಗೆ ಎರಚಾಡಿ, ಅದರ ಆವಿ ಉಸಿರಿನ ಕೊಳವೆಯ ಮೂಲಕ ಸಿಲಿಂಡರಿಗೆ ನುಗ್ಗಿ, ಎಂಜಿನ್ ತನ್ನ ಎಣ್ಣೆಯನ್ನೇ ಇಂಧನವಾಗಿ ಉಂಡು ಹುಚ್ಚೆದ್ದಿತ್ತು. ಗುಬ್ಬಿಯನ್ನು ಎಳೆದರೆ ನಿಲ್ಲುವುದು ಪಂಪಿನಿಂದ ಬರುವ ಡೀಸೆಲ್ ಮಾತ್ರ. ಆದ್ದರಿಂದಲೇ ಅದು ನನ್ನ ಮಾತು ಕೇಳಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ದೀಪ ಹಚ್ಚಿ, ಡೀಸೆಲ್ ಕೊಂಡ ರಸೀದಿಗಳನ್ನು ಹುಡುಕಿ ತೆಗೆದೆ. ಜೀಪಿನ ಮೀಟರಿನ ಅಂಕಿಗಳು ಅವುಗಳ ಹಿಂದೆ ಬರೆದಿದ್ದವು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಲೆಕ್ಕ ಹಾಕಿದೆ. ಚಾಲಕ ನಾನೇ, ಚಾವಿ ನನ್ನಲ್ಲಿಯೇ. ಲೀಟರಿಗೆ ಅದೇ ಒಂಬತ್ತೂವರೆ ಕಿಲೋಮೀಟರ್! ಈ ಲೆಕ್ಕವನ್ನು ನಾನು ಸೆಪ್ಟೆಂಬರಿನಲ್ಲಿಯೇ ಬರೆದಿದ್ದರೆ ಸತ್ಯ ಅಂದೇ ತಿಳಿಯುತ್ತಿತ್ತು. ನಾನು ಲೆಕ್ಕ ಬರೆದದ್ದು ಸತ್ಯಕ್ಕಾಗಿ ಅಲ್ಲ, ಇನ್ನೊಬ್ಬರ ತಪ್ಪು ಹಿಡಿಯುವುದಕ್ಕಾಗಿ ಎಂಬುದು ಆ ದೀಪದ ಬೆಳಕಿನಲ್ಲಿ ನನಗೆ ಕಂಡಿತು. ಪಂಪಿನ ಪರದೆಗೆ ತಗಲುತ್ತಿದ್ದ ಖರ್ಚು ಅತ್ಯಲ್ಪ. ತೆಳ್ಳಗಾದ ಎಣ್ಣೆಯಿಂದ ಸವೆದ ಬೇರಿಂಗುಗಳನ್ನು ಬದಲಾಯಿಸಿ ಎಂಜಿನ್ ರಿಪೇರಿ ಮಾಡಿಸಲು ಆ ವರ್ಷದ ಮೆಣಸಿನ ಹಣವೆಲ್ಲ ಹೋಯಿತು. ಹಣದ ನಷ್ಟವನ್ನು ಮರೆತೆ. ಇನ್ನೊಂದು ನಷ್ಟವನ್ನು ಮರೆಯಲಾಗಲಿಲ್ಲ.

ಮರುದಿನವೇ ಮಗಳೊಂದಿಗೆ ಬಸ್ಸು ಹತ್ತಿ ಅಣ್ಣನ ಊರಿಗೆ ಹೋದೆ. ಅವರು ಜಗುಲಿಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು. ನಾನು ಮಾತು ಆರಂಭಿಸಲು ಪದ ಹುಡುಕುತ್ತಿರುವಾಗ ಅವರೇ, "ಬಸ್ಸಿನಲ್ಲಿ ಬಂದಿರಿ. ಎಂಜಿನ್ನಿಗೆ ಏನಾಯಿತು?" ಎಂದು ಕೇಳಿದರು. ನಡೆದದ್ದನ್ನೆಲ್ಲ ಹೇಳಿದೆ. "ಅಮ್ಮನವರು ಹೆದರಿದರೇ?" ಎಂದಷ್ಟೇ ಕೇಳಿ, ಮಗಳ ತಲೆಯ ಮೇಲೆ ಕೈಯಿಟ್ಟರು. ನಾನು ಕೈಮುಗಿದು ತಪ್ಪಾಯಿತೆಂದೆ. ಅವರು ಏನೂ ಹೇಳಲಿಲ್ಲ. ಮಗಳ ಮದುವೆ ವರದಕ್ಷಿಣೆಯ ಕಾರಣದಿಂದಲ್ಲ, ತಂದೆಯ ಮೇಲೆ ಬಂದ ಮಾತಿನ ಕಾರಣದಿಂದ ಮುಂದಕ್ಕೆ ಹೋಗಿದೆಯೆಂದು ಅವರ ಮನೆಯವರಿಂದ ತಿಳಿಯಿತು. ನನ್ನ ಒಂದು ಸಂಜೆಯ ಮಾತು ಎಷ್ಟು ದೂರ ಹರಿದಿತ್ತು!

ಮನೆಗೆ ಬಂದು, ಕ್ಷಮೆ ಕೇಳಿ ಬಂದೆನೆಂದು ತಾಯಿಯವರಿಗೆ ತಿಳಿಸಿದೆ. ಅವರು ಕೇಳಿದರು: "ಎಲ್ಲಿ ಕೇಳಿದೆ?" ಅವರ ಮನೆಯ ಜಗುಲಿಯಲ್ಲಿ ಎಂದೆ. "ಕಳ್ಳನೆಂದದ್ದು ಎಲ್ಲಿ?" ನಾನು ಸುಮ್ಮನಾದೆ. "ಕಣದಲ್ಲಿ ಮಾಡಿದ ಸಾಲವನ್ನು ಜಗುಲಿಯಲ್ಲಿ ತೀರಿಸಲಾಗದಪ್ಪಾ. ಎಲ್ಲಿ ಬರೆದೆಯೋ ಅಲ್ಲಿಯೇ ಹೊಡೆದುಹಾಕು" ಎಂದರು. ಅಕ್ಷರ ಕಲಿಯದ ತಾಯಿ ಲೆಕ್ಕದ ಮಗನಿಗೆ ಕಲಿಸಿದ ಲೆಕ್ಕ ಅದು.

ಮುಂದಿನ ಬಟವಾಡೆಯ ದಿನ ಅಣ್ಣನನ್ನು ಬೇಡಿಕೊಂಡು ಕರೆತಂದೆ. ಅದೇ ಕಣ, ಅದೇ ಜನ. ಹರಿದ ಪರದೆಯನ್ನು ಕೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿ, "ಡೀಸೆಲ್ ಕದ್ದದ್ದು ಇದು. ನಾನು ಸುಳ್ಳು ಹೇಳಿದೆ. ಇವರು ನಿರ್ದೋಷಿ" ಎಂದು ಹೇಳಿದೆ. ಆ ನಾಲ್ಕು ಮಾತು ಆಡುವಾಗ ನನ್ನ ಧ್ವನಿ ನಡುಗಿತು. ಅಣ್ಣ ತಲೆ ತಗ್ಗಿಸಿ ನಿಂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಹೆಗಲ ಮೇಲಿನ ಬಟ್ಟೆಯಿಂದ ಕಣ್ಣು ಒರೆಸಿಕೊಂಡರು. ಅವರ ಮಗಳ ಮದುವೆ ಮುಂದಿನ ವೈಶಾಖದಲ್ಲಿ ನಡೆಯಿತು. ನಾವೆಲ್ಲ ಹೋಗಿ ಬಂದೆವು. ಆದರೆ ಅವರು ಮತ್ತೆ ನಮ್ಮಲ್ಲಿ ಕೆಲಸಕ್ಕೆ ಬರಲಿಲ್ಲ. ಕರೆದಾಗ, "ನಿಮ್ಮ ಮೇಲೆ ಬೇಸರವಿಲ್ಲ. ಆದರೆ ಕಡ್ಡಿ ಎಳೆಯುವಾಗಲೆಲ್ಲ ಆ ಸಂಜೆ ನೆನಪಾಗುತ್ತದೆ" ಎಂದರು. ಸತ್ಯವಾದ ಮಾತು. ಕ್ಷಮೆ ಗಾಯವನ್ನು ಮಾಯಿಸುತ್ತದೆ, ಕಲೆಯನ್ನಲ್ಲ. ಆದರೂ ರಿಪೇರಿಯಾದ ಎಂಜಿನ್ನನ್ನು ಮೊದಲ ಬಾರಿ ಚಾಲೂ ಮಾಡುವ ದಿನ ತಾವಾಗಿಯೇ ಬಂದು, ಬಾನೆಟ್ಟಿನ ಮೇಲೆ ಕೈಯಿಟ್ಟು ಸದ್ದು ಕೇಳಿ, "ಸರಿಯಾಗಿದೆ" ಎಂದು ಹೇಳಿ ಹೋದರು. ೨೦೦೯ರಲ್ಲಿ ಅವರು ಶಿವೈಕ್ಯರಾದರು. ೨೦೧೧ರಲ್ಲಿ ಜೀಪು ಗುಜರಿಗೆ ಹೋಯಿತು. ಕಡ್ಡಿಯೊಂದನ್ನು ನಾನು ಉಳಿಸಿಕೊಂಡೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನೂ ದೋಣಿ ನಡೆಸುವ ಅಂಬಿಗರ ಚೌಡಯ್ಯನೂ ಶರಣರಾಗಿದ್ದರು. ಅಂದು ಎಂಜಿನ್ ಇದ್ದಿದ್ದರೆ ಎಣ್ಣೆ ಮೆತ್ತಿದ ಕೈಯ ಶರಣರೊಬ್ಬರು ಅನುಭವ ಮಂಟಪದಲ್ಲಿ ಕುಳಿತಿರುತ್ತಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ. ನಾನು ಪ್ರತಿದಿನ ಪೂಜೆ ಮಾಡಿದೆ, ಕಾಯಕದ ಮಹಿಮೆಯನ್ನು ಸಭೆಗಳಲ್ಲಿ ಕೇಳಿ ತಲೆದೂಗಿದೆ. ನನ್ನ ಕೊಟ್ಟಿಗೆಯಲ್ಲಿ ನಡೆಯುತ್ತಿದ್ದ ಕಾಯಕವನ್ನು ಮಾತ್ರ ಗುರುತಿಸಲಿಲ್ಲ. ಗಂಡ ಮಾರಯ್ಯ ತಂದ ಅಕ್ಕಿ ಅಗತ್ಯಕ್ಕಿಂತ ಹೆಚ್ಚಾಯಿತೆಂದು ಹಿಂದಿರುಗಿಸಿ ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಬಾಲ್ಯದಿಂದಲೂ ಕೇಳಿದ್ದೆ. ಆ ತಾಯಿ, ಹೆಚ್ಚಾದದ್ದು ಎಲ್ಲಿಂದ ಬಂತು ಎಂದು ಕೇಳಿದಳು. ನಾನು ಕೇಳಲಿಲ್ಲ. ಕಡ್ಡಿಯ ಮೇಲೆ ಎರಡು ಗೆರೆಗಳಿವೆ. ಕೆಳಗಿನ ಗೆರೆಗಿಂತ ಇಳಿದರೆ ಅಪಾಯವೆಂಬುದು ಎಲ್ಲರಿಗೂ ಗೊತ್ತು. ಮೇಲಿನ ಗೆರೆಯನ್ನು ಮೀರಿದರೂ ಅಪಾಯವೆಂಬುದನ್ನು ತಿಳಿಯಲು ನನಗೆ ಇಷ್ಟು ಬೆಲೆ ತೆರಬೇಕಾಯಿತು.

ಇಂದಿನ ವಾಹನಗಳಲ್ಲಿ ಗಣಕಯಂತ್ರವೇ ಕಾವಲು ಕಾಯುತ್ತದೆ, ಎಚ್ಚರಿಕೆಯ ದೀಪ ಹೊತ್ತುತ್ತದೆ, ಇಂತಹ ತೊಂದರೆ ಈಗಿಲ್ಲ ಎಂದು ಯುವಕರು ಹೇಳುತ್ತಾರೆ. ಪೂರ್ತಿ ನಿಜವಲ್ಲ. ೨೦೨೦ರ ಏಪ್ರಿಲ್‌ನಿಂದ ಬಂದಿರುವ ಬಿ.ಎಸ್. ೬ ನಿಯಮದ ಹಲವು ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದರಲ್ಲಿ ಕೂಡಿದ ಮಸಿಯನ್ನು ಸುಡಲು ಎಂಜಿನ್ ಆಗಾಗ ಹೆಚ್ಚು ಡೀಸೆಲ್ ಸಿಂಪಡಿಸುತ್ತದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಂಬಂತೆ ಅಲ್ಪ ದೂರವನ್ನೇ ಓಡಿಸಿ ಎಂಜಿನ್ ನಿಲ್ಲಿಸುತ್ತಿದ್ದರೆ ಆ ಸುಡುವ ಕೆಲಸ ಅರ್ಧಕ್ಕೇ ನಿಂತು, ಉರಿಯದ ಡೀಸೆಲ್ ಎಣ್ಣೆಗೆ ಸೇರುತ್ತದೆ. ಕಡ್ಡಿಯ ಮಟ್ಟ ಏರುತ್ತದೆ! ಆದ್ದರಿಂದ ವಾಹನ ಎಷ್ಟೇ ಹೊಸದಾಗಿರಲಿ, ವಾರಕ್ಕೊಮ್ಮೆಯಾದರೂ ಸಮತಟ್ಟಾದ ಜಾಗದಲ್ಲಿ, ಎಂಜಿನ್ ತಣ್ಣಗಿರುವಾಗ ಎಣ್ಣೆಯನ್ನು ನೋಡಿ. ಮಟ್ಟ ಇಳಿದರೆ ಎಲ್ಲಿ ಹೋಯಿತೆಂದು ಕೇಳಿ. ಏರಿದರೆ ಎಲ್ಲಿಂದ ಬಂತೆಂದು ಕೇಳಿ. ಬೆಳ್ಳಗೆ ಹಾಲಿನಂತಾಗಿದ್ದರೆ ನೀರು, ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ಡೀಸೆಲ್. ಅಂತಹ ಎಣ್ಣೆಯಲ್ಲಿ ಎಂಜಿನ್ ಚಾಲೂ ಮಾಡಲೇಬಾರದು.

ಮತ್ತೊಂದು ಮಾತು. ಮನೆಯಲ್ಲಿ ದುಡಿಯುವವರು "ಏನೋ ಸರಿಯಿಲ್ಲ" ಎಂದು ಒಮ್ಮೆ ಹೇಳಿದರೆ, ಆ ಕೂಡಲೇ ಎದ್ದು ಹೋಗಿ ನೋಡಿ. ಯಂತ್ರದ ಹತ್ತಿರ ಇರುವವರಿಗೆ ಯಂತ್ರದ ನೋವು ಮೊದಲು ಕೇಳಿಸುತ್ತದೆ. ಲೆಕ್ಕದಲ್ಲಿ ವ್ಯತ್ಯಾಸ ಕಂಡಾಗ ಮೊದಲು ಯಂತ್ರವನ್ನು ಬಿಚ್ಚಿ ನೋಡಿ; ಮನುಷ್ಯನ ಮಾನವನ್ನು ಬಿಚ್ಚಬೇಡಿ. ಯಂತ್ರವನ್ನು ಮತ್ತೆ ಜೋಡಿಸಬಹುದು.

ಮಗಳು ಈಗ ತನ್ನ ಸಂಸಾರದೊಂದಿಗೆ ಬೇರೆ ಊರಿನಲ್ಲಿದ್ದಾಳೆ. ರಜೆಗೆ ಬಂದಾಗಲೆಲ್ಲ ಹೊರಡುವ ಮುಂಜಾನೆ ತನ್ನ ಕಾರಿನ ಬಾನೆಟ್ ಎತ್ತಿ, ಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಬಿಟ್ಟು ನೋಡುತ್ತಾಳೆ. ಎಣ್ಣೆಯ ಒಂದು ಹನಿಯನ್ನು ಬೆರಳಿನಲ್ಲಿ ಉಜ್ಜಿ ಮೂಸುತ್ತಾಳೆ. ನಾನು ಪೂಜೆ ಮುಗಿಸಿ ಕಿಟಕಿಯಿಂದ ಅದನ್ನು ನೋಡುತ್ತಾ ನಿಲ್ಲುತ್ತೇನೆ. ಅದೂ ಪೂಜೆಯೇ ಎಂದು ಈಗ ನನಗೆ ಗೊತ್ತಾಗಿದೆ. ಶರಣು.